ಬೆಲ್ಲ ಕೇಳಿದ್ದು ತಪ್ಪಾ?

ಮೂಡಿಗೆರೆ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುತ್ತಿಲ್ಲ. ಬೆಂಗಳೂರಿನಲ್ಲಿ 9 ವರ್ಷ ಕೆಲಸ ಮಾಡಿ ಊರಿಗೆ ವಾಪಸ್ ಬಂದವರು. ಅಪ್ಪನಿಗೆ 6 ಎಕರೆ ಅರೇಬಿಕಾ ತೋಟ. ಆ ಕಾಫಿಯನ್ನೇ ಹುರಿದು, ಪುಡಿ ಮಾಡಿ, ಜನಕ್ಕೆ ಕುಡಿಸಬೇಕು ಅಂತ 2024ರ ದಸರಾ ಹೊತ್ತಿಗೆ ಚಿಕ್ಕಮಗಳೂರು ಪೇಟೆಯಲ್ಲಿ ಕಾಫಿ ಶಾಪ್ ತೆರೆದರು. 16 ತಿಂಗಳಿಗೆ ಬಾಗಿಲು ಹಾಕಿದರು. ಹೋದ ದುಡ್ಡು 18 ಲಕ್ಷ. ಕಲಿತ ಪಾಠ ಅಂತ ಏಳು ಬರೆದಿದ್ದಾರೆ. ಬಾಡಿಗೆ ಜಾಸ್ತಿಯಾಯಿತು, ಮೆಷಿನ್ ರಿಪೇರಿಗೆ ಜನ ಸಿಗಲಿಲ್ಲ, ಮಳೆಗಾಲದಲ್ಲಿ ಕರೆಂಟ್ ಇರಲಿಲ್ಲ, ಕೆಲಸ ಕಲಿತ ಹುಡುಗರು ನಿಲ್ಲಲಿಲ್ಲ, ಹೀಗೆ. ಏಳನೆಯದು ಇದು: "ಕಾಫಿ ಬೆಳೆಯುವ ಊರಿನವರಿಗೆ ಕಾಫಿ ರುಚಿ ಗೊತ್ತಿಲ್ಲ. ಇಲ್ಲಿ ಯಾರೂ ಕಾಫಿ ಶಾಪ್ ತೆರೆಯಬೇಡಿ. ದಯವಿಟ್ಟು ಪ್ರಕಟಿಸಿ, ನಾಲ್ಕು ಜನರ ದುಡ್ಡಾದರೂ ಉಳಿಯಲಿ."

ತಂಗಿ, ಪ್ರಕಟಿಸಿದ್ದೇನೆ. ಆದರೆ ಆ ಏಳನೆಯ ಪಾಠವನ್ನು ಹಾಗೇ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ.

ಮೊದಲ ಆರನ್ನು ಒಪ್ಪುತ್ತೇನೆ. ನೀವು ಕಳಿಸಿದ ಲೆಕ್ಕ ನೋಡಿದೆ. ಬಾಡಿಗೆ 35 ಸಾವಿರ, ಮೂವರ ಸಂಬಳ 45 ಸಾವಿರ, ಕರೆಂಟ್ ಬಿಲ್ 9 ಸಾವಿರ, ಸಾಲದ ಕಂತು 14 ಸಾವಿರ. ಒಟ್ಟು ತಿಂಗಳಿಗೆ 1 ಲಕ್ಷದ 3 ಸಾವಿರ. ಶನಿವಾರ, ಭಾನುವಾರ ದಿನಕ್ಕೆ 70 ಕಪ್. ಉಳಿದ ಐದು ದಿನ ಎಂಟೆಂಟು ಕಪ್. ಕಪ್ಪಿಗೆ 140 ರೂಪಾಯಿ. ಅಂದರೆ ಚೆನ್ನಾಗಿ ನಡೆದ ತಿಂಗಳಲ್ಲಿ 1 ಲಕ್ಷದ 8 ಸಾವಿರದಷ್ಟು ವ್ಯಾಪಾರ. ಹಾಲು, ಸಕ್ಕರೆ, ಬಿಸ್ಕತ್ತಿನ ದುಡ್ಡು ಇನ್ನೂ ಖರ್ಚಿನ ಲೆಕ್ಕಕ್ಕೆ ಸೇರಿಲ್ಲ. ಅಂಗಡಿ ತುಂಬಿದಂತೆ ಕಂಡ ತಿಂಗಳಲ್ಲೂ ನಿಮ್ಮ ಕೈಯಿಂದ ದುಡ್ಡು ಹೋಗುತ್ತಲೇ ಇತ್ತು.

ಇನ್ನೊಂದು ಸಾಲು ನಿಮ್ಮ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಅಪ್ಪನ ಕಾಫಿಗೆ ನೀವು ಬೆಲೆ ಹಾಕಿಲ್ಲ. "ಮನೆ ಕಾಫಿ" ಅಂತ ಬರೆದು ಮುಂದೆ ಸೊನ್ನೆ ಬರೆದಿದ್ದೀರಿ. ನಿಮ್ಮ ಅಂಗಡಿ ನಡೆಯುತ್ತಿದ್ದಾಗಲೇ, 2025ರ ಆರಂಭದಲ್ಲಿ, ಅರೇಬಿಕಾ ಬೆಲೆ ಹಿಂದೆಂದೂ ಕಾಣದಷ್ಟು ಮೇಲೆ ಹೋಗಿತ್ತು. ಅಕ್ಕಪಕ್ಕದ ತೋಟದವರು ಪಾರ್ಚ್‌ಮೆಂಟ್, ಅಂದರೆ ತೊಳೆದು ಒಣಗಿಸಿದ ಕಾಫಿಯ ಮೂಟೆ ಕೊಟ್ಟು ದುಡ್ಡು ಎಣಿಸುತ್ತಿದ್ದಾಗ ನಿಮ್ಮ ಅಪ್ಪ ಮೂಟೆಗಳನ್ನು ಮಗಳ ಅಂಗಡಿಗೆ ಕಳಿಸಿದರು. ಅದೂ ಅವರು ಹಾಕಿದ ಬಂಡವಾಳವೇ. ಇದನ್ನು ನಾನು ಕಟುವಾಗಿ ಹೇಳುತ್ತಿಲ್ಲ. ಅವರು ಒಂದು ಮಾತೂ ಆಡಲಿಲ್ಲ ಅಂತ ನೀವೇ ಬರೆದಿದ್ದೀರಿ. ಅಂಥ ಅಪ್ಪನ ಹೆಸರಿನ ಮುಂದೆ ಸೊನ್ನೆ ಇರಬಾರದು, ಅಷ್ಟೇ.

ಮೆಷಿನ್ ಮಾತು ಬೇಗ ಮುಗಿಸುತ್ತೇನೆ. 4 ಲಕ್ಷಕ್ಕೂ ಜಾಸ್ತಿ ಕೊಟ್ಟು ತಂದಿರಿ. ಶನಿವಾರ ಬೆಳಿಗ್ಗೆ ಗ್ಯಾಸ್ಕೆಟ್ ಹೋಯಿತು, ಬೆಂಗಳೂರಿನಿಂದ ರಿಪೇರಿಯವರು ಬಂದದ್ದು ಮಂಗಳವಾರ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಇನ್ವರ್ಟರ್ ಅದನ್ನು ಎಳೆಯಲಿಲ್ಲ. ಮಲೆನಾಡಿನ ಜುಲೈ ತಿಂಗಳಲ್ಲಿ ಕರೆಂಟಿಲ್ಲದೆ ಒಂದು ಲೋಟ ಕಾಫಿಯೂ ಆಗದ ಅಂಗಡಿ ಎಷ್ಟು ದಿನ ನಡೆಯುತ್ತದೆ? ಇದು ನಿಮಗೆ ಈಗ ಗೊತ್ತಾಗಿದೆ. ಮತ್ತೆ ಮತ್ತೆ ಹೇಳಿ ನೋಯಿಸುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರನೆಯ ಪುಟದ ಕೆಳಗಿನ ನಾಲ್ಕು ಸಾಲು. ಆಗಸ್ಟ್ ಮಳೆಯಲ್ಲಿ ಒಂದು ದಿನ ನಿಮ್ಮ ತೋಟದಲ್ಲೇ ಹಣ್ಣು ಕೊಯ್ಯುವ ಹೆಂಗಸೊಬ್ಬರು ಆಸ್ಪತ್ರೆಗೆ ಅಂತ ಪೇಟೆಗೆ ಬಂದವರು ಅಂಗಡಿ ನೋಡಲು ಬಂದರು. ಪ್ಲಾಸ್ಟಿಕ್ ಕೊಪ್ಪೆಯಿಂದ ನೀರು ಇಳಿಯುತ್ತಿತ್ತು. ನೆಲ ಕೆಸರಾಗುತ್ತದೆ ಅಂತ ಒಳಗೆ ಬರಲಿಲ್ಲ. ನೀವು ಕರೆದಿರಿ, ಆದರೂ ಬರಲಿಲ್ಲ. ಬಾಗಿಲಲ್ಲೇ ಒಂದು ಕ್ಯಾಪುಚಿನೋ ಕೊಟ್ಟಿರಿ. ಒಂದು ಗುಟುಕು ಕುಡಿದು, "ಅಕ್ಕಾ, ಬೆಲ್ಲ ಇಲ್ವಾ?" ಅಂದರು. ಇದನ್ನು ನೀವು ಬರೆದಿರುವುದು ನಮ್ಮ ಜನಕ್ಕೆ ರುಚಿ ಗೊತ್ತಿಲ್ಲ ಅನ್ನುವುದಕ್ಕೆ ಉದಾಹರಣೆಯಾಗಿ.

ಈ ನಾಲ್ಕು ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ನನ್ನ ಅಪ್ಪ ಸಕಲೇಶಪುರದ ಕಡೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ನಾನು ಬೆಳೆದದ್ದು ತೋಟದ ಕೆಲಸದವರ ಲೈನ್ ಮನೆಗಳ ಪಕ್ಕದಲ್ಲೇ. ನಮ್ಮ ಅಜ್ಜಿ ಕಾಫಿ ಮಾಡುತ್ತಿದ್ದ ರೀತಿ ಇವತ್ತಿಗೂ ಕಣ್ಣ ಮುಂದಿದೆ. ಒಲೆ ಮೇಲೆ ನೀರಿಗೆ ಬೆಲ್ಲ ಹಾಕಿ ಕುದಿಸುವುದು. ಬೆಲ್ಲದ ಕಸ ಮೇಲೆ ಬಂದರೆ ಸೌಟಿನಿಂದ ತೆಗೆಯುವುದು. ಪುಡಿ ಹಾಕಿದ ಮೇಲೆ ಒಂದೇ ಒಂದು ಉಕ್ಕು, ತಕ್ಷಣ ಇಳಿಸಿ ತಟ್ಟೆ ಮುಚ್ಚುವುದು. ಚರಟ ತಳಕ್ಕೆ ಕೂರುವವರೆಗೆ ಯಾರೂ ಪಾತ್ರೆ ಮುಟ್ಟುವ ಹಾಗಿಲ್ಲ. ಆಮೇಲೆ ಬಟ್ಟೆಯಲ್ಲಿ ಸೋಸುವುದು. ಹಾಲನ್ನು ಅದರ ಜೊತೆ ಕುದಿಸಿದರೆ ಬೆಲ್ಲಕ್ಕೆ ಒಡೆದುಹೋಗುತ್ತದೆ, ಅದಕ್ಕೇ ಹಾಲು ಬೇರೆ ಕಾಯಬೇಕು, ಕೊನೆಗೆ ಲೋಟಕ್ಕೆ ಬೀಳಬೇಕು. ಹಾಲಿಲ್ಲದ ದಿನ ಕರಿ ಕಾಫಿಯೇ. ಪಕ್ಕದ ಲೈನ್ ಮನೆಯವರು ಬಂದು ಒಲೆ ಮುಂದೆ ಕೂತು ಕುಡಿದು, "ಇವತ್ತು ಪುಡಿ ಸ್ವಲ್ಪ ಕಮಟು ಹೊಡೀತದೆ ಅಮ್ಮಾ" ಅನ್ನುತ್ತಿದ್ದರು. ಅಜ್ಜಿ ಒಪ್ಪುತ್ತಿದ್ದರು. ಹಳೇ ಬೀಜ ಅಂತ ಅವರಿಗೂ ಗೊತ್ತಿತ್ತು.

ಆ ಬೀಜ ಎಲ್ಲಿಯದು ಗೊತ್ತಾ? ನೀರಿನಲ್ಲಿ ತೇಲಿದ ಜೊಳ್ಳು, ಗಿಡದ ಬುಡದಲ್ಲಿ ಉದುರಿದ ಹಣ್ಣು. ಒಳ್ಳೆಯ ಕಾಫಿ ಪೂಲಿಗೆ, ಅಂದರೆ ಎಲ್ಲರ ಕಾಫಿಯನ್ನು ಒಟ್ಟು ಸೇರಿಸಿ ಕಾಫಿ ಮಂಡಳಿಯೇ ಮಾರುವ ವ್ಯವಸ್ಥೆಗೆ ಹೋಗುತ್ತಿತ್ತು. 1942ರ ಕಾಫಿ ಕಾನೂನು ಬಂದ ಮೇಲೆ ಬೆಳೆಗಾರ ತನ್ನ ಕಾಫಿಯನ್ನು ಮಂಡಳಿಗೇ ಒಪ್ಪಿಸಬೇಕಿತ್ತು. ಮನೆ ಖರ್ಚಿಗೆ ಸ್ವಲ್ಪ ಇಟ್ಟುಕೊಳ್ಳಬಹುದಿತ್ತು, ಅಷ್ಟೇ. ಬೆಲೆ ಬಿದ್ದ ಕಾಲದಲ್ಲಿ ಆ ವ್ಯವಸ್ಥೆ ಕೈ ಹಿಡಿದಿದೆ ಅಂತ ಹಿರಿಯ ಬೆಳೆಗಾರರು ಈಗಲೂ ಹೇಳುತ್ತಾರೆ, ಇರಬಹುದು. ಆದರೆ ಯೋಚಿಸಿ ನೋಡಿ. ನಿಮ್ಮ ತಾತ ತನ್ನ ತೋಟದ ಕಾಫಿಯನ್ನು ತಾನೇ ಪೇಟೆಯಲ್ಲಿ ಕುಡಿಸಿ ವ್ಯಾಪಾರ ಮಾಡುತ್ತೇನೆ ಅಂದಿದ್ದರೆ ಕಾನೂನು ಬಿಡುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಒಂದೊಂದೇ ಗಂಟು ಬಿಚ್ಚಿ, 1996ರ ಹೊತ್ತಿಗೆ ಪೂಲ್ ಪೂರ್ತಿ ಹೋಯಿತು. ಬಾಬಾ ಬುಡನ್ ಮೋಕಾದಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು ಅನ್ನುವ ಕಥೆ 17ನೇ ಶತಮಾನದ್ದು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾಗಿದ್ದು 1925ರಲ್ಲಿ. ಇಷ್ಟು ಹಳೆಯ ಕಾಫಿ ನಾಡಿನಲ್ಲಿ ಬೆಳೆಗಾರರ ಮಗಳೊಬ್ಬಳು ಅಪ್ಪನ ಕಾಫಿಯನ್ನು ತನ್ನ ಅಂಗಡಿಯಲ್ಲಿ ತಾನೇ ಮಾರುವ ದಾರಿ ತೆರೆದು ಬರೀ 30 ವರ್ಷ. ನೀವು ಆ ದಾರಿಯಲ್ಲಿ ನಡೆದಿರಿ. ನನಗೆ ಅದು ದೊಡ್ಡ ವಿಷಯ. 18 ಲಕ್ಷ ಹೋಯಿತು ಅನ್ನುವುದರಿಂದ ಅದು ಸಣ್ಣದಾಗುವುದಿಲ್ಲ.

ಈಗ ರುಚಿ ಗೊತ್ತಿಲ್ಲ ಅನ್ನುವ ಮಾತಿಗೆ ಬರುತ್ತೇನೆ.

ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಹೋಟೆಲ್ ಇದೆ. ನಾಲ್ಕೇ ಟೇಬಲ್. ಬೆಳಿಗ್ಗೆ 5 ಗಂಟೆಗೆ ತೆಗೆಯುತ್ತಾರೆ. ಪತ್ರಿಕೆ ಪ್ರಿಂಟಿಗೆ ಹೋಗುವ ರಾತ್ರಿ ನಿದ್ದೆ ಇರುವುದಿಲ್ಲ, ಬೆಳಗಾಗುತ್ತಲೇ ನಾನು ಅಲ್ಲಿಗೆ ಹೋಗುತ್ತೇನೆ. ಯಜಮಾನರಿಗೆ 70 ದಾಟಿದೆ. ಹಿತ್ತಾಳೆ ಫಿಲ್ಟರಿನಿಂದ ಮೊದಲ ಡಿಕಾಕ್ಷನ್ ಇಳಿದ ತಕ್ಷಣ ಒಂದು ಚಮಚ ನಾಲಿಗೆಗೆ ಹಾಕಿಕೊಳ್ಳುತ್ತಾರೆ. ಹಾಲಿಲ್ಲ, ಸಕ್ಕರೆಯಿಲ್ಲ. ಒಂದು ನಿಮಿಷ ಮಾತಾಡುವುದಿಲ್ಲ. ಆಮೇಲೇ ಹಾಲಿನ ಪಾತ್ರೆಗೆ ಕೈ. ಒಂದು ದಿನ ಆ ಚಮಚ ಬಾಯಿಗೆ ಹೋದ ಮೇಲೆ ಪುಡಿ ಅಂಗಡಿಗೆ ಫೋನ್ ಮಾಡಿ, "ಈ ಸಲ ಬೀಜ ಜಾಸ್ತಿ ಹುರಿದಿದ್ದೀರಿ, ಬದಲಾಯಿಸಿ ಕೊಡಿ" ಅಂದರು. ಇನ್ನೂ ಬೆಳಕು ಹರಿದಿರಲಿಲ್ಲ. 11 ಗಂಟೆಗೆ ಬೆಳಗಿನ ಡಿಕಾಕ್ಷನ್ ಎಷ್ಟೇ ಉಳಿದಿರಲಿ, ಚೆಲ್ಲುತ್ತಾರೆ. ಹೊಸದು ಹಾಕುತ್ತಾರೆ.

ಅಲ್ಲಿ ಕುಡಿಯುವವರು ಯಾರು? ಬಸ್ಸಿನ ಡ್ರೈವರ್, ಕಂಡಕ್ಟರ್, ಹೂವಿನವರು, ಪೇಪರ್ ಹಾಕುವ ಹುಡುಗರು, ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸಿಗೆ ಬೀಜ ಆರಿಸಲು ಹೋಗುವ ಹೆಂಗಸರು. ಒಂದು ದಿನ ಹಾಲು ಸ್ವಲ್ಪ ತೆಳ್ಳಗಿತ್ತು. ಒಬ್ಬ ಡ್ರೈವರ್ ಲೋಟ ಕೆಳಗಿಟ್ಟು, "ಏನ್ ಯಜಮಾನ್ರೇ, ಇವತ್ತು ಹಸು ಮಳೇಲಿ ನೆಂದಿತ್ತಾ?" ಅಂದರು. ಯಜಮಾನರು ಮಾತಿಲ್ಲದೆ ಇನ್ನೊಂದು ಲೋಟ ಮಾಡಿಕೊಟ್ಟರು. ತಂಗಿ, ರುಚಿ ಗೊತ್ತಿಲ್ಲದವರು ಹೀಗೆ ಕೇಳುತ್ತಾರಾ?

ಅಲ್ಲಿನ ಪುಡಿಯಲ್ಲಿ ಚಿಕೋರಿ ಇದೆ. ಇಲ್ಲ ಅನ್ನುವುದಿಲ್ಲ. ಚಿಕೋರಿ ಬೆರೆಸುವುದು ಜಾಸ್ತಿಯಾಗಿದೆ ಅಂತ ನೀವು ಬರೆದಿದ್ದು ನಿಜ. ಕಾನೂನಿನ ಪ್ರಕಾರ ಮಿಶ್ರಣದ ಪುಡಿಯಲ್ಲಿ 100ಕ್ಕೆ 51 ಭಾಗ ಕಾಫಿ ಇದ್ದರೆ ಸಾಕು, ಉಳಿದ 49 ಚಿಕೋರಿ ಇರಬಹುದು. ಗುಜರಾತ್, ಉತ್ತರ ಪ್ರದೇಶದ ಹೊಲದಲ್ಲಿ ಬೆಳೆದ ಬೇರನ್ನು ಹುರಿದು ಕಾಫಿ ಜಿಲ್ಲೆಗೆ ತಂದು ಕಾಫಿ ಬೀಜದ ಜೊತೆ ಬೆರೆಸಿ ಮಾರುವುದು ನನಗೂ ಬೇಸರದ ಸಂಗತಿ. ಆದರೆ ಆ ಯಜಮಾನರು ಹಾಕಿಸುವುದು 100ಕ್ಕೆ 20. ಡಿಕಾಕ್ಷನ್ ಗಟ್ಟಿ ಬರಲಿ, ಬಣ್ಣ ನಿಲ್ಲಲಿ ಅಂತ. ಅದನ್ನು ಲೆಕ್ಕ ಇಟ್ಟು, ನಾಲಿಗೆಯಲ್ಲಿ ನೋಡಿ ಹಾಕಿಸುತ್ತಾರೆ. ನೀವು ಗೋಡೆಗೆ ದೊಡ್ಡ ಅಕ್ಷರದಲ್ಲಿ "ಇಲ್ಲಿ ಚಿಕೋರಿ ಇಲ್ಲ" ಅಂತ ಬರೆಸಿದಿರಿ. ದಿನಾ ಮನೆಯಲ್ಲಿ ಚಿಕೋರಿ ಕಾಫಿ ಕುಡಿಯುವ ಮನುಷ್ಯ ಬಾಗಿಲಲ್ಲಿ ಅದನ್ನು ಓದಿದರೆ ಅವನಿಗೆ ಏನನ್ನಿಸುತ್ತದೆ? ನನ್ನ ಮನೆ ಕಾಫಿ ಕೆಟ್ಟದ್ದು ಅಂತ ಇವರು ಹೇಳುತ್ತಿದ್ದಾರೆ ಅಂತ ಅನ್ನಿಸುತ್ತದೆ.

ಇನ್ನೊಂದು ಕಡೆ ಬರೆದಿದ್ದೀರಿ. ನಿವೃತ್ತ ಮೇಷ್ಟರೊಬ್ಬರು ಗೆಳೆಯರ ಜೊತೆ ಬಂದು ಬೈಟು ಕೇಳಿದರು. ಒಂದು ಕಪ್ಪನ್ನು ಎರಡು ಮಾಡಿದರೆ ನೊರೆ ಹಾಳಾಗುತ್ತದೆ ಅಂತ ನೀವು ಕೊಡಲಿಲ್ಲ. ಅವರು ಮತ್ತೆ ಬರಲಿಲ್ಲ. ಬೈಟು ಕಾಫಿಯನ್ನು ಜಿಪುಣತನ ಅಂತ ತಿಳಿದವರು ತುಂಬಾ ಜನ. ಅರ್ಧ ಲೋಟ ಈಗ ಕುಡಿದವರು ಇನ್ನೊಂದು ಗಂಟೆಗೆ ಮತ್ತೆ ಅರ್ಧ ಲೋಟಕ್ಕೆ ಬರುತ್ತಾರೆ. ಪಿಂಚಣಿ ದುಡ್ಡಿನಲ್ಲಿ ಗೆಳೆಯನನ್ನೂ ಕೂರಿಸಿಕೊಂಡು ಪೇಪರ್ ಓದುವ ದಾರಿ ಅದು. ವಾರದ ಐದು ದಿನ ನಿಮ್ಮ ಖಾಲಿ ಕುರ್ಚಿಗಳಲ್ಲಿ ಕೂರಬೇಕಾಗಿದ್ದವರು ಅವರೇ.

ಇದನ್ನು ನಾನು ಹೊಸದಾಗಿ ಕಂಡುಹಿಡಿದು ಹೇಳುತ್ತಿಲ್ಲ. ಇಂಡಿಯಾ ಕಾಫಿ ಹೌಸ್ ಕಥೆ ನೋಡಿ. 1936ರಲ್ಲಿ ಮುಂಬೈಯಲ್ಲಿ ಮೊದಲನೆಯದು ಶುರುವಾಯಿತು, ಜನಕ್ಕೆ ಕಾಫಿ ಅಭ್ಯಾಸ ಮಾಡಿಸಲು. ಆಮೇಲೆ ಕಾಫಿ ಮಂಡಳಿ ನಡೆಸಿತು. ಐವತ್ತರ ದಶಕದಲ್ಲಿ ಒಂದೊಂದೇ ಮುಚ್ಚಲು ಹೊರಟಾಗ ಕೆಲಸ ಹೋಗುವ ನೌಕರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ಸಹಕಾರ ಸಂಘ ಮಾಡಿಕೊಂಡು 1957ರಿಂದ ಬೆಂಗಳೂರು, ದೆಹಲಿ ಅಂತ ತಾವೇ ನಡೆಸಿದರು. ತಟ್ಟೆ ಎತ್ತುತ್ತಿದ್ದವರೇ ಮಾಲೀಕರಾದರು. ಬೆಂಗಳೂರಿನದು ಎಂ.ಜಿ. ರಸ್ತೆಯಲ್ಲಿತ್ತು, 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋಯಿತು. ಎಂ.ಜಿ. ರಸ್ತೆಯಲ್ಲಿದ್ದಾಗ ನಾನೇ ಎಷ್ಟೋ ಮಧ್ಯಾಹ್ನ ಒಂದು ಕಾಫಿ ತೆಗೆದುಕೊಂಡು ಎರಡು ಗಂಟೆ ಕೂತಿದ್ದೇನೆ. ಯಾರೂ ಏಳಿ ಅನ್ನಲಿಲ್ಲ.

ನಮ್ಮ ಚಿಕ್ಕಮಗಳೂರಿನ ಸಿದ್ಧಾರ್ಥ ಅವರು ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕಾಫಿ ಡೇ ತೆರೆದದ್ದು 1996ರಲ್ಲಿ, ಪೂಲ್ ಹೋದ ಅದೇ ವರ್ಷ. ಅಲ್ಲಿ ಕಾಫಿ ಜೊತೆ ಇಂಟರ್‌ನೆಟ್ ಇಟ್ಟರು. ಆಗ ಮನೆಗಳಲ್ಲಿ ಇಂಟರ್‌ನೆಟ್ ಎಲ್ಲಿತ್ತು? ಆ ರಸ್ತೆಯ ಹುಡುಗರಿಗೆ ಏನು ಬೇಕಿತ್ತೋ ಅದು ಅಲ್ಲಿತ್ತು. ನೀವು ಆ ರಸ್ತೆಯ ಕುರ್ಚಿ, ದೀಪ, ಬೆಲೆಪಟ್ಟಿ ಎಲ್ಲವನ್ನೂ ಚಿಕ್ಕಮಗಳೂರಿಗೆ ತಂದಿರಿ. ನಿಮ್ಮ ರಸ್ತೆಯ ಜನಕ್ಕೆ ಏನು ಬೇಕು ಅಂತ ಕೇಳಲಿಲ್ಲ. ಒಬ್ಬರು ಬಾಗಿಲಿಗೆ ಬಂದು ತಾವಾಗಿಯೇ ಹೇಳಿದರು. ಬೆಲ್ಲ ಬೇಕು ಅಂದರು.

ಅವರು ಯಾರು ಅಂತ ಸ್ವಲ್ಪ ಯೋಚಿಸಿ. ಸುಮಾರು 6 ಕೆಜಿ ಹಣ್ಣು ಕೊಯ್ದರೆ, ಪಲ್ಪ್ ಮಾಡಿ, ತೊಳೆದು, ಕಣದಲ್ಲಿ ಒಣಗಿಸಿ, ಸಿಪ್ಪೆ ಬಿಡಿಸಿದ ಮೇಲೆ 1 ಕೆಜಿ ಬೀಜ. ಹುರಿದರೆ 850 ಗ್ರಾಂ ಉಳಿದರೆ ಹೆಚ್ಚು. ಕಪ್ಪಿಗೆ 18 ಗ್ರಾಂ ಪುಡಿ ಹಾಕುವ ನಿಮ್ಮ ಮೆಷಿನ್ನಿನಲ್ಲಿ ಅದು 45 ಕಪ್ ಚಿಲ್ಲರೆ. ಆ 6 ಕೆಜಿಯಲ್ಲಿ ಕಾಯಿ ಬಿಟ್ಟು ಹಣ್ಣನ್ನೇ ಆರಿಸಿದ್ದು ಅವರ ಬೆರಳು. ಕಾಯಿ ಸೇರಿದ್ದರೆ ನಿಮ್ಮ ಕಪ್ಪಿನಲ್ಲಿ ಒಗರು ಬರುತ್ತಿತ್ತು. ಕಾಫಿ ರುಚಿ ಕಪ್ಪಿಗೆ ಬರುವ ಎಷ್ಟೋ ಮೊದಲು ಅವರ ಕೈಯಲ್ಲಿ ಇತ್ತು. ಅಂಥವರು ಬಾಗಿಲಲ್ಲಿ ಮಳೆಗೆ ನಿಂತು, ತಾವು ಕೊಯ್ದ ಕಾಫಿಯನ್ನು ತಮ್ಮ ಮನೆಯ ಹಾಗೆ ಕುಡಿಯಲು ಒಂದು ಚೂರು ಬೆಲ್ಲ ಕೇಳಿದರು.

ಇದು ನಿಮ್ಮ ಒಬ್ಬರ ತಪ್ಪು ಅಂತ ಹೇಳಿದರೆ ಅನ್ಯಾಯ. ಜಿಲ್ಲೆಯೇ ಹೀಗೆ ನಡೆಯುತ್ತಿದೆ. ಶನಿವಾರ ಬಂತೆಂದರೆ ಕೈಮರದಿಂದ ಮುಳ್ಳಯ್ಯನಗಿರಿಯವರೆಗೆ ಗಾಡಿಗಳ ಸಾಲು. ಪೇಟೆಯ ಅಂಗಡಿ ಬಾಡಿಗೆ ನಿಗದಿಯಾಗುವುದು ಈಗ ಆ ಎರಡು ದಿನದ ಜನರನ್ನು ನೋಡಿ. ನೀವು ಕೊಟ್ಟ 35 ಸಾವಿರವೂ ಅದೇ ಲೆಕ್ಕದ್ದು. ನೋಟ್‌ಬುಕ್ ಮಾರುತ್ತಿದ್ದ ಅಂಗಡಿ ಚಾಕಲೇಟ್, ಮಸಾಲೆ ಪೊಟ್ಟಣದ ಅಂಗಡಿಯಾಗಿದೆ. ಹೊಲಿಗೆಯವರು ಮಹಡಿ ಮೇಲೆ ಹೋಗಿದ್ದಾರೆ. ಸೋಮವಾರ ಬೆಳಿಗ್ಗೆ ಊರಲ್ಲಿ ಉಳಿಯುವ ಮನುಷ್ಯನಿಗೆ ಕೂರಲು ಒಂದು ಜಾಗ ಕಡಿಮೆಯಾಗುತ್ತಲೇ ಇದೆ. ಬಂದವರಿಗೆ ಒಳ್ಳೆಯದು, ಇದ್ದವರಿಗೆ ಉಳಿದದ್ದು ಅನ್ನುವ ಅಭ್ಯಾಸ ನಮಗೆ ಎಸ್ಟೇಟ್ ಕಾಲದಿಂದಲೇ ಬಂದಿದೆಯೇನೋ. ಹಣ್ಣು ಕೊಯ್ದವರಿಗೆ ಜೊಳ್ಳು, ಹಡಗು ಹತ್ತುವ ಮೂಟೆಗೆ ಒಳ್ಳೆಯ ಬೀಜ. ಈಗಲೂ ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರಗೇ ಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ಬೆಳೆಗಾರರ ಒಂದು ಸಭೆಗೆ ಹೋಗಿದ್ದೆ. ವೇದಿಕೆಯಲ್ಲಿ ಚಿಕ್ಕಮಗಳೂರು ಅರೇಬಿಕಾಗೆ, ಬಾಬಾಬುಡನ್‌ಗಿರಿ ಅರೇಬಿಕಾಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನ (ಜಿಐ ಟ್ಯಾಗ್) ಬಗ್ಗೆ ಭಾಷಣ. ಚೆನ್ನಾಗಿ ಮಾತಾಡಿದರು. ಮಧ್ಯೆ ಕಾಫಿ ಬಂತು. ಪ್ಲಾಸ್ಟಿಕ್ ಲೋಟ, ಇನ್‌ಸ್ಟಂಟ್ ಪುಡಿ, ಸಕ್ಕರೆ ಮೊದಲೇ ಹಾಕಿದ್ದು. ಸಭೆಯಲ್ಲಿ ಇದ್ದವರೆಲ್ಲ ಕಾಫಿ ಬೆಳೆಯುವವರು. ಯಾರೂ ಏನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಅವತ್ತು ಸುಮ್ನೆ ಇದ್ದುಬಿಟ್ಟೆನಲ್ಲ ಅನ್ನುವ ನೋವು ಇವತ್ತಿಗೂ ಇದೆ. ನಮ್ಮ ಕಾಫಿ ನಮ್ಮ ಲೋಟಕ್ಕೆ ಬರಬೇಕು ಅಂತ ಈ ಪತ್ರಿಕೆಯಲ್ಲಿ ನಾನು ಪದೇ ಪದೇ ಬರೆಯುವುದಕ್ಕೆ ಆ ದಿನವೂ ಒಂದು ಕಾರಣ.

ಹಾಗಾಗಿ ಇಲ್ಲಿ ಯಾರೂ ಕಾಫಿ ಶಾಪ್ ತೆರೆಯಬೇಡಿ ಅನ್ನುವ ನಿಮ್ಮ ಮಾತಿಗೆ ನಾನು ಸೇರುವುದಿಲ್ಲ. ತೆರೆಯಬೇಕು. ಗಲ್ಲಿಯಲ್ಲಿ, 10 ಸಾವಿರ ಬಾಡಿಗೆಗೆ, ಗ್ಯಾಸ್ ಒಲೆ ಮತ್ತು ಎರಡು ಫಿಲ್ಟರಿನಿಂದ ಶುರು ಮಾಡಬೇಕು. ಲೋಟಕ್ಕೆ 100 ಮಿಲಿ ಹಾಲು ಅಂದರೆ 5 ರೂಪಾಯಿಯ ಹತ್ತಿರ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿದ್ದು ಇದರಲ್ಲಿ ಸೇರಿದೆ. ಪುಡಿ, ಸಕ್ಕರೆ, ಗ್ಯಾಸ್ ಸೇರಿ ಇನ್ನೊಂದು ಏಳೆಂಟು ರೂಪಾಯಿ. 25ಕ್ಕೆ ಕೊಟ್ಟು ದಿನಕ್ಕೆ 200 ಲೋಟ ಹೋದರೆ ಬದುಕಬಹುದು. ಬರೀ ಕಾಫಿಯಿಂದ 200 ಲೋಟ ಹೋಗುವುದಿಲ್ಲ, ಜೊತೆಗೆ ಇಡ್ಲಿಯೋ ಕಡುಬೋ ಬೇಕು ಅಂತ ಹೋಟೆಲ್ ಯಜಮಾನರು ಹೇಳುತ್ತಾರೆ. ಅವರ ಮಾತು ನನ್ನ ಮಾತಿಗಿಂತ ಗಟ್ಟಿ, ಅದನ್ನೇ ಕೇಳಿ.

ನಿಮ್ಮ ಪತ್ರದ ವಿಷಯ ಅವರಿಗೆ ಹೇಳಿದೆ. ತಪ್ಪು ತಿಳಿಯಬೇಡಿ, ಹೆಸರು ಹೇಳಲಿಲ್ಲ. ಬೆಲ್ಲದ ಮಾತು ಬಂದಾಗ ಲೋಟ ತೊಳೆಯುತ್ತಿದ್ದವರು ಕೈ ನಿಲ್ಲಿಸಿದರು. "ಆ ಹುಡುಗಿ ಹತ್ರ ಪುಡಿ ಉಳಿದಿದೆಯಾ?" ಅಂತ ಕೇಳಿದರು. ಉಳಿದಿದೆ ಅಂತ ನೀವು ಬರೆದಿದ್ದೀರಿ. ಹುರಿಯದ ಬೀಜವೇ ಎರಡು ಮೂಟೆ, ಅಲ್ವಾ? ಒಂದೆರಡು ಕೆಜಿ ಹುರಿಸಿ ತರಲಿ, ಒಂದು ವಾರ ನನ್ನ ಫಿಲ್ಟರಿಗೆ ಹಾಕಿ ನೋಡುತ್ತೇನೆ, ಚೆನ್ನಾಗಿದ್ದರೆ ತಿಂಗಳಿಗೆ ಇಷ್ಟು ಅಂತ ತಗೊಳ್ಳುತ್ತೇನೆ ಅಂದರು. ಬೆಲೆ ಮಾರ್ಕೆಟ್ ಬೆಲೆಯೇ, ದಾನ ಏನಲ್ಲ ಅಂತಲೂ ಅಂದರು.

ಮೆಷಿನ್ ಮಾರಿಬಿಡಿ. ಗ್ರೈಂಡರ್ ಮಾತ್ರ ಇಟ್ಟುಕೊಳ್ಳಿ, ಅದು ಬೇಕಾಗುತ್ತದೆ. ಬರುವ ಗುರುವಾರ ಬೆಳಿಗ್ಗೆ ಐದೂವರೆಗೆ ನಾನು ಆ ಹೋಟೆಲಿನಲ್ಲಿ ಇರುತ್ತೇನೆ. ಅಪ್ಪನನ್ನೂ ಕರೆದುಕೊಂಡು ಬನ್ನಿ. ತೋಟದ ಆ ತಾಯಿ ಬರಲು ಒಪ್ಪಿದರೆ ಅವರನ್ನೂ ಕರೆತನ್ನಿ. ಬೆಲ್ಲ ನಾನು ತರುತ್ತೇನೆ.